3 ತಿಂಗಳ ಇಂಜೆಕ್ಷನ್ ಅಂದರೆ 84 ದಿನವೋ, 91 ದಿನವೋ?

ಗಂಗಾವಳಿ ಮಗಳು (ಜುಲೈ 16)

ಅಪ್ಪನಿಗೆ 74 ವರ್ಷ. ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೇ ಸೊಂಟದ ಮೂಳೆಗೆ ಹಬ್ಬಿತ್ತು. ಆವತ್ತಿನಿಂದ ಹಾರ್ಮೋನ್ ಇಂಜೆಕ್ಷನ್ ನಡೀತಿದೆ. ಗೋಸೆರೆಲಿನ್ 10.8 ಮಿಲಿಗ್ರಾಂ, ಹೊಟ್ಟೆಯ ಚರ್ಮದಡಿಗೆ. ಆ ಸೂಜಿ ನೋಡಿದರೆ ನನಗೇ ತಲೆ ತಿರುಗುತ್ತದೆ. ಅಪ್ಪ ಮಾತ್ರ "ಎಮ್ಮೆಗೆ ಹಾಕುವ ಸೂಜಿ" ಎಂದು ನಗುತ್ತಾರೆ.

ಕಳೆದ ಸಲ ಹಾಕಿಸಿದ್ದು ಏಪ್ರಿಲ್ 15ಕ್ಕೆ. ಚೀಟಿಯಲ್ಲಿ "3 ತಿಂಗಳು ಬಿಟ್ಟು" ಅಂತಷ್ಟೇ ಇದೆ. ನಾನು ಜುಲೈ 15ಕ್ಕೆ ಗುರುತು ಹಾಕಿದ್ದೆ. ಅಪ್ಪನ ಲೆಕ್ಕವೇ ಬೇರೆ, ಅವರು ಅಮಾವಾಸ್ಯೆ ಎಣಿಸುತ್ತಾರೆ! ನಾವಿರುವುದು ಅಂಕೋಲಾ ಕಡೆ, ಆಸ್ಪತ್ರೆ ಇರುವುದು ಹುಬ್ಬಳ್ಳಿಯಲ್ಲಿ. ನಿನ್ನೆ ಘಟ್ಟದಲ್ಲಿ ಗುಡ್ಡ ಜರಿದು ಬಸ್ಸೇ ಇಲ್ಲ. ಸುಮ್ನೆ ಕೂತು ಹಳೇ ಡಬ್ಬಿಯೊಳಗಿನ ಕಾಗದ ಓದಿದರೆ "12 ವಾರಕ್ಕೊಮ್ಮೆ" ಎಂದಿದೆ. ಅಂದರೆ 84 ದಿನ. ಜುಲೈ 8ಕ್ಕೇ ಮುಗಿದಿತ್ತು.

ಎಂಟು ದಿನ ತಡವಾದರೆ ರೋಗ ಏಳುತ್ತದೆಯೇ? ಏಪ್ರಿಲ್‌ನಲ್ಲಿ ಪಿಎಸ್ಎ (ಈ ರೋಗದ ಏರಿಳಿತ ತೋರಿಸುವ ರಕ್ತಪರೀಕ್ಷೆ) 0.3 ಇತ್ತು. ರಾತ್ರಿ ನಿದ್ದೆ ಬಂದಿಲ್ಲ.

ಡೇಕೇರ್ ಸಿಸ್ಟರ್

ಮೊದಲು ಉಸಿರು ಬಿಡಿ ತಂಗಿ. ಕೆಲವು ದಿನ ತಡವಾದರೆ ನಡೆಯುತ್ತದೆ, ಆದರೆ 12 ವಾರ ತಪ್ಪದಂತೆ ನೋಡಿಕೊಳ್ಳಿ ಅಂತ ಗೋಸೆರೆಲಿನ್ ಕಂಪನಿಯವರೇ ಹೇಳುತ್ತಾರೆ. ಅಪ್ಪನ ವಯಸ್ಸಿನವರಿಗೆ, ಇಷ್ಟು ಕಾಲ ಇಂಜೆಕ್ಷನ್ ಆದ ಮೇಲೆ, ಟೆಸ್ಟೋಸ್ಟಿರಾನ್, ಅಂದರೆ ಈ ಕ್ಯಾನ್ಸರ್ ಬೆಳೆಸುವ ಗಂಡು ಹಾರ್ಮೋನ್, ಸಾಮಾನ್ಯವಾಗಿ ಅಷ್ಟು ಬೇಗ ಏಳುವುದಿಲ್ಲ. ಹಾಗಂತ ಇನ್ನೂ ಎಳೆಯಬೇಡಿ. ಈ ಔಷಧ ಆ ಹಾರ್ಮೋನ್ ತಯಾರಿಗೆ ಅಪ್ಪಣೆ ಕೊಡುವ, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಮೊದಲು ಕೆರಳಿಸಿ, ಆಮೇಲೆ ಸುಮ್ಮನಾಗಿಸುತ್ತದೆ. ಶುರುವಿನಲ್ಲಿ ಕೆಲವು ವಾರ ಬೈಕಾಲುಟಮೈಡ್ ಮಾತ್ರೆ ಕೊಟ್ಟಿದ್ದರಲ್ವಾ? ಆ ಕೆರಳುವಿಕೆಯಿಂದ ತೊಂದರೆಯಾಗದಿರಲೆಂದೇ ಅದು. ತುಂಬಾ ತಡವಾಗಿ ಗ್ರಂಥಿ ಪೂರ್ತಿ ಎಚ್ಚರವಾಗಿಬಿಟ್ಟರೆ, ಮುಂದಿನ ಇಂಜೆಕ್ಷನ್ ಮತ್ತೆ ಕೆರಳಿಸಬಹುದು.

ಡಾಕ್ಟರಿಗೆ ಫೋನ್ ಮಾಡಿ, ಊರಲ್ಲೇ ಹಾಕಿಸಬಹುದಾ ಕೇಳಿ. ಹಾಕಿ ಅಭ್ಯಾಸವಿರುವವರೇ ಹಾಕಬೇಕು. ರಕ್ತ ತೆಳ್ಳಗಾಗುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಇಂಜೆಕ್ಷನ್‌ಗೆ ಮುಂಚೆ ರಕ್ತ ಕೊಟ್ಟು ಪಿಎಸ್ಎ ಜೊತೆ ಟೆಸ್ಟೋಸ್ಟಿರಾನ್ ಕೂಡ ನೋಡಿಸಿ. ಅದು ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕೆಳಗಿರಬೇಕು, 20ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯವನು "ಇದೂ ಅದೇ" ಎಂದು ಬೇರೆ ಔಷಧ ಕೊಟ್ಟರೆ ತಗೋಬೇಡಿ. ಒಂದೊಂದರ ದಿನದ ಲೆಕ್ಕ ಒಂದೊಂದು ಥರ.

ಕಾಲಲ್ಲಿ ಶಕ್ತಿ ಹೋದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಮಾತ್ರ ಫೋನ್, ಲೆಕ್ಕ ಎಲ್ಲ ಬಿಟ್ಟು ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ.

ಪಿಂಚಣಿ ರಾಯರು

ನಾನೇ ಆರು ವರ್ಷದ ಗಿರಾಕಿ. ನನ್ನದು 3.6 ಮಿಲಿಗ್ರಾಂ, 28 ದಿನಕ್ಕೊಂದು. ಮೊದಲ ವರ್ಷ ಪಿಂಚಣಿ ಬಂದ ದಿನ ಹೋಗಿ ಚುಚ್ಚಿಸಿಕೊಳ್ಳುತ್ತಿದ್ದೆ. ವರ್ಷಕ್ಕೆ 12 ಆಯಿತು. 28 ದಿನದ ಲೆಕ್ಕದಲ್ಲಿ 13 ಆಗಬೇಕಿತ್ತಮ್ಮ! ಬ್ಯಾಂಕಿನಲ್ಲಿ ಮೂವತ್ತು ವರ್ಷ ಬಡ್ಡಿ ಲೆಕ್ಕ ಮಾಡಿದವನಿಗೆ ಇದು ಹೊಳೆಯಲಿಲ್ಲ. ಈಗ ತಾರೀಕು ನೋಡುವುದೇ ಇಲ್ಲ, ವಾರ ನೋಡುತ್ತೇನೆ. ಒಂದು ಬುಧವಾರ ಹಾಕಿಸಿದರೆ ಮುಂದಿನದೂ ಬುಧವಾರವೇ.

ಮಲೆನಾಡಿಗ

ಇಷ್ಟೆಲ್ಲ ಒದ್ದಾಟ ಯಾಕೆ? ನಮ್ಮ ದೊಡ್ಡಪ್ಪನಿಗೆ ಆ ಹಾರ್ಮೋನ್ ತಯಾರಾಗುವ ಬೀಜವನ್ನೇ (ವೃಷಣ) ತೆಗೆಸುವ ಸಣ್ಣ ಆಪರೇಷನ್ ಮಾಡಿಸಿದೆವು. ಒಂದೇ ಸಲ. ತಾರೀಕಿಲ್ಲ, ಘಟ್ಟವಿಲ್ಲ, ಖರ್ಚೂ ಕಡಿಮೆ. ಇದರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲೇ ತೋರಿಸಿದ್ದ ಚಾರ್ಲ್ಸ್ ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು.

ಪಿಂಚಣಿ ರಾಯರು

ನೊಬೆಲ್ ಬಂದದ್ದು ಅವರಿಗೆ, ಬೀಜ ಹೋಗುವುದು ನಮ್ಮದು. ಡಾಕ್ಟರು ನನಗೂ ಹೇಳಿದ್ದರು. ಸರಿಯಾದ ದಾರಿಯೇ, ತಪ್ಪೇನಿಲ್ಲ. ಮನಸ್ಸು ಒಪ್ಪಲಿಲ್ಲ ಅಷ್ಟೇ. ಆ ಹುಡುಗಿಯ ಅಪ್ಪನನ್ನು ಕೇಳಿ ನಿರ್ಧರಿಸಲಿ, ನಾವು ಯಾರು?

ಗಂಗಾವಳಿ ಮಗಳು (ಜುಲೈ 25)

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರು ಫೋನ್‌ನಲ್ಲೇ ಒಪ್ಪಿದರು. 17ಕ್ಕೆ ಇಲ್ಲೇ ಹಾಕಿಸಿದೆವು, ಒಂಬತ್ತು ದಿನ ತಡ. ಮೊದಲು ತೆಗೆದ ರಕ್ತದಲ್ಲಿ ಟೆಸ್ಟೋಸ್ಟಿರಾನ್ 16, ಪಿಎಸ್ಎ 0.3. ಆವತ್ತು ರಾತ್ರಿ ನಿದ್ದೆ ಬಂತು.

ಆಪರೇಷನ್ ವಿಷಯ ಅಪ್ಪನಿಗೆ ಹೇಳಿದೆ. "ಮಳೆಗಾಲ ಮುಗಿಯಲಿ" ಎಂದರು. ಅದು ಹೌದೋ ಅಲ್ಲವೋ, ಮಗಳಾದ ನನಗೂ ಗೊತ್ತಾಗಲಿಲ್ಲ.

12 ವಾರದ ಲೆಕ್ಕ ಹೇಳಿದ್ದಕ್ಕೆ ಮಾತ್ರ "ಅಂದ್ರೆ 12 ಸಂತೆ ಅಂತ ಹೇಳಬಾರದಾ!" ಎಂದು ನನಗೇ ಬೈದರು. ಇಂಜೆಕ್ಷನ್ ಆದದ್ದು ಗುರುವಾರ, ಪಕ್ಕದೂರಿನ ಸಂತೆಯ ದಿನ. ಅಕ್ಟೋಬರ್ 9ಕ್ಕೆ 12ನೇ ಸಂತೆ. ನಿನ್ನೆ ಒಣಮೀನಿನ ಚೀಲ ಕೆಳಗಿಟ್ಟವರೇ, ಕೈ ಕೂಡ ತೊಳೆಯದೆ, ಅಡುಗೆಮನೆ ಬಾಗಿಲ ಹಿಂದೆ ಸುಣ್ಣದಲ್ಲಿ ಮೊದಲ ಗೀಟು ಎಳೆದರು.