ಬಿಸಿಲಲ್ಲಿ ಕೂರುವ ಲಾಗರ್‌ಗೆ ಯಾವ ವೋಲ್ಟೇಜ್ ರೆಫರೆನ್ಸ್?

ಪಂಪ್‌ಮನೆ:
ರಾಯಚೂರು ಕಡೆ ನಮ್ಮ ಹೊಲದ ಪಂಪ್‌ಮನೆಯಲ್ಲಿ 12 ವೋಲ್ಟ್‌ನ ಲೆಡ್-ಆಸಿಡ್ ಬ್ಯಾಟರಿ ಇದೆ, ಸೋಲಾರ್‌ನಿಂದ ಚಾರ್ಜ್ ಆಗುತ್ತೆ. ಅದರ ವೋಲ್ಟೇಜ್ ದಾಖಲಿಸೋಕೆ ಎಡಿಎಸ್1115 (ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಚಿಪ್) ಇಟ್ಟು ಲಾಗರ್ ಮಾಡ್ತಿದ್ದೀನಿ. ತಗಡಿನ ಡಬ್ಬಿಯೊಳಗೆ ಚಳಿಗಾಲದ ಬೆಳಗ್ಗೆ 15 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 55. ಅಳತೆಗೆ ಆಧಾರವಾಗಿ ಸ್ಥಿರ ವೋಲ್ಟೇಜ್ ಕೊಡುವ ರೆಫರೆನ್ಸ್ ಚಿಪ್ಪಾಗಿ ಎಲ್‌ಎಂ4040 ಸಾಕಾ, ಆರ್‌ಇಎಫ್5025 ಬೇಕಾ? ಎಲ್‌ಎಂ399 ಎಲ್ಲಕ್ಕಿಂತ ಸ್ಥಿರ ಅಂತಾರೆ, ಅದನ್ನೇ ಹಾಕಲಾ?

ಬೆಸುಗೆ:
ಎಲ್‌ಎಂ399 ಬೇಡ ಸರ್. ಅದರೊಳಗೆ ಹೀಟರ್ ಇದೆ, ಸದಾ ಕರೆಂಟ್ ತಿನ್ನುತ್ತೆ. ನೀವು ಅಳೆಯೋಕೆ ಹೊರಟ ಬ್ಯಾಟರಿಯನ್ನೇ ಅದು ಖಾಲಿ ಮಾಡ್ತಾ ಕೂರುತ್ತೆ. ಔಟ್‌ಪುಟ್ ಕೂಡ 6.6ರಿಂದ 7.3 ವೋಲ್ಟ್ ನಡುವೆ ಎಲ್ಲಾದರೂ ಇರಬಹುದು.

ನಿಮ್ಮ ಡಬ್ಬಿಯಲ್ಲಿ 40 ಡಿಗ್ರಿ ಏರಿಳಿತ ಇದೆ, ಲೆಕ್ಕ ಅಲ್ಲಿಂದ ಶುರುಮಾಡಿ. ಎಲ್‌ಎಂ4040 ಡಿಗ್ರಿಗೆ ಗರಿಷ್ಠ 100 ಪಿಪಿಎಂ (ಹತ್ತು ಲಕ್ಷಕ್ಕೆ 100 ಪಾಲು) ಕದಲುತ್ತೆ, ಅಂದ್ರೆ 40 ಡಿಗ್ರಿಗೆ 0.4 ಶೇಕಡಾ, ಬ್ಯಾಟರಿಯ ಮೇಲೆ ಸುಮಾರು 50 ಮಿಲಿವೋಲ್ಟ್. ತುಂಬಿದ ಬ್ಯಾಟರಿಗೂ ಅರ್ಧ ಇಳಿದದ್ದಕ್ಕೂ ಅಂತರ ಹೆಚ್ಚೂಕಮ್ಮಿ ಅರ್ಧ ವೋಲ್ಟ್ ಮಾತ್ರ, ಹಾಗಾಗಿ ಅದು ಸಣ್ಣ ತಪ್ಪಲ್ಲ. ಆರ್‌ಇಎಫ್5025ರ ಸಾಮಾನ್ಯ ಗ್ರೇಡ್ ಗರಿಷ್ಠ 8 ಪಿಪಿಎಂ: ಬರೀ 4 ಮಿಲಿವೋಲ್ಟ್. 3 ಪಿಪಿಎಂ ಗ್ರೇಡ್‌ಗೆ ಇಲ್ಲಿ ಹೆಚ್ಚು ದುಡ್ಡು ಕೊಡಬೇಡಿ. ಚಿಪ್ ಶುರುವಿಗೇ ಒಂದಿಷ್ಟು ತಪ್ಪಿದ್ದರೆ ಒಳ್ಳೆ ಮೀಟರ್ ಹಿಡಿದು ಒಂದು ಸಲ ಸರಿಮಾಡಿದ್ರೆ ಮುಗೀತು. ಬಿಸಿಲಿಗೆ ಅಲೆದಾಡೋದನ್ನ ಹಾಗೆ ಸರಿಮಾಡೋಕಾಗಲ್ಲ.

ಚಿಪ್ಪಿಗಿಂತ ಮೊದಲು ಡಿವೈಡರ್ ನೋಡಿ, ಅಂದ್ರೆ ಬ್ಯಾಟರಿ ವೋಲ್ಟೇಜನ್ನು ಐದನೇ ಒಂದಕ್ಕೆ ಇಳಿಸಿ ಎಡಿಸಿಗೆ ಕೊಡುವ ರೆಸಿಸ್ಟರ್ ಜೋಡಿ. 40ಕೆ, 10ಕೆ (ಕಿಲೋಓಮ್) ಎರಡೂ ಮಾಮೂಲಿ 100 ಪಿಪಿಎಂ ರೆಸಿಸ್ಟರ್ ಆಗಿದ್ದು, ಒಂದು ಏರಿ ಇನ್ನೊಂದು ಇಳಿದರೆ 80 ಮಿಲಿವೋಲ್ಟ್ ಅಲ್ಲೇ ಹೋಯ್ತು. ಎಷ್ಟೇ ಒಳ್ಳೆ ರೆಫರೆನ್ಸ್ ಹಾಕಿದ್ರೂ ಅದನ್ನ ಮುಚ್ಚಲ್ಲ. ಒಂದೇ ಪ್ಯಾಕೇಜಿನ ರೆಸಿಸ್ಟರ್ ನೆಟ್‌ವರ್ಕ್ ಹಾಕಿ, ಬಿಸಿಯಾದಾಗ ಎಲ್ಲವೂ ಒಟ್ಟಿಗೆ ಏರಿಳಿಯುತ್ತವೆ, ಅನುಪಾತ ಕದಲಲ್ಲ.

ಪಂಪ್‌ಮನೆ:
ಡಿವೈಡರ್ ಕಡೆ ಗಮನ ಹೋಗಿರಲಿಲ್ಲ, ಥ್ಯಾಂಕ್ಸ್. ಆದ್ರೆ ಎಡಿಎಸ್1115ಕ್ಕೆ ರೆಫರೆನ್ಸ್ ಪಿನ್ನೇ ಕಾಣ್ತಿಲ್ವಲ್ಲ?

ಬೆಸುಗೆ:
ಇಲ್ಲ, ಅದಕ್ಕೆ ಒಳಗಿನ ರೆಫರೆನ್ಸೇ ಗತಿ. ಆದ್ರೂ ದಾರಿ ಇದೆ, ನನಗೆ ತುಂಬ ಇಷ್ಟವಾದ ದಾರಿ. ನಾಲ್ಕು ಚಾನೆಲ್‌ಗಳಲ್ಲಿ ಒಂದಕ್ಕೆ ಡಿವೈಡರ್, ಇನ್ನೊಂದಕ್ಕೆ 5025ರ 2.5 ವೋಲ್ಟ್ ಕೊಡಿ. ಎರಡನ್ನೂ 4.096 ವೋಲ್ಟ್ ರೇಂಜಿನಲ್ಲಿ ಬೆನ್ನುಬೆನ್ನಿಗೆ ಓದಿ, ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ, 2.5ರಿಂದ ಗುಣಿಸಿದ್ರೆ ಡಿವೈಡರ್ ಕೊಡುವ ವೋಲ್ಟೇಜ್ ಸಿಗುತ್ತೆ. ಎಡಿಸಿಯ ಗೇನ್ (ಓದುವ ಪ್ರಮಾಣ) ಬಿಸಿಗೆ ಎಷ್ಟು ಜರುಗಿದ್ರೂ ಎರಡೂ ರೀಡಿಂಗ್‌ಗಳಲ್ಲಿ ಒಂದೇ ಪ್ರಮಾಣ, ಭಾಗಾಕಾರದಲ್ಲಿ ಹೊಡೆದುಹೋಗುತ್ತೆ. 3.3 ವೋಲ್ಟ್ ಸಪ್ಲೈಯಲ್ಲೇ ನಡೆಯುತ್ತೆ, ಚಾರ್ಜ್ ಆಗುವಾಗಿನ 14.4 ಕೂಡ ಡಿವೈಡರ್ ದಾಟಿ 2.88 ಆಗಿರುತ್ತೆ.

ಹಸಿರುಬೋರ್ಡು:
ಎರಡು ಮಾತು ಸೇರಿಸ್ತೀನಿ. 5025ರ ಔಟ್‌ಪುಟ್‌ಗೆ 1ರಿಂದ 50 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು, ಅದರ ಇಎಸ್‌ಆರ್ (ಒಳಗಿನ ಸರಣಿ ರೋಧ) 1.5 ಓಮ್ ಮೀರಬಾರದು. ಮತ್ತೆ ಚಿಪ್ಪನ್ನು ಬೋರ್ಡಿನ ಸ್ಕ್ರೂ ತೂತಿನ ಹತ್ತಿರ ಕೂರಿಸಬೇಡಿ. ಬೋರ್ಡ್ ಬಾಗಿದ್ರೆ ಪ್ಲಾಸ್ಟಿಕ್ ಪ್ಯಾಕೇಜ್ ಮೂಲಕ ಒಳಗಿನ ಸಿಲಿಕಾನ್ ಮೇಲೆ ಒತ್ತಡ ಬಿದ್ದು ವೋಲ್ಟೇಜ್ ಕದಲುತ್ತೆ. ಸಾಧ್ಯವಾದ್ರೆ ಚಿಪ್ಪಿನ ಮೂರು ಬದಿ ಬೋರ್ಡಿನಲ್ಲಿ ಸೀಳು ಕೊಡಿಸಿ. ಬೆಸುಗೆ ಹಾಕಿದ ದಿನವೇ ಕ್ಯಾಲಿಬ್ರೇಟ್ ಮಾಡಬೇಡಿ; ಕೆಲವು ವಾರ ಕರೆಂಟ್ ಕೊಟ್ಟು ಬಿಟ್ಟು, ಆಮೇಲೆ ಮೀಟರ್ ಹಿಡೀರಿ.