1/8 ರಿಮೋಟ್ ಕಂಟ್ರೋಲ್ ಟ್ರಕ್: ಡಿಫ್ ಸದ್ದು, ಎಣ್ಣೆಯ ದಪ್ಪ, ಸೋರುವ ಶಾಕ್ಸ್ – ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯಿಂದ): ನನ್ನದು 1/8 ಅಳತೆಯ ಫೋರ್‌ವ್ಹೀಲ್ ಬ್ರಷ್‌ಲೆಸ್ ಮೋಟಾರ್ ಟ್ರಕ್, 4 ಸೆಲ್ ಲಿಪೋ ಬ್ಯಾಟರಿ. ಥ್ರಾಟಲ್ ಜೋರಾಗಿ ಎಳೆದರೆ ಮುಂದಿನ ಟೈರ್‌ಗಳು ಉಬ್ಬಿಕೊಂಡು ಸುಮ್ಮನೆ ಸುತ್ತುತ್ತವೆ, ಹಿಂದಿನವು ತಳ್ಳೋದೇ ಇಲ್ಲ. ಜೊತೆಗೆ ಹಿಂದಿನ ಡಿಫ್‌ನಿಂದ (ಡಿಫರೆನ್ಷಿಯಲ್, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಕಟಕಟ ಸದ್ದು. ಮುಂದಿನ, ನಡುವಿನ, ಹಿಂದಿನ ಮೂರೂ ಡಿಫ್‌ಗೆ 5 ಲಕ್ಷ ಸಿಎಸ್‌ಟಿ (ದಪ್ಪದ ಅಳತೆ) ಸಿಲಿಕೋನ್ ಎಣ್ಣೆ ಸುರಿದು ಬಿಗಿ ಮಾಡಿಬಿಡ್ಲಾ?

ಉತ್ತರ: ಬೇಡ. ಇಲ್ಲಿರೋದು ಎರಡು ಬೇರೆ ಬೇರೆ ತೊಂದರೆ. ಸದ್ದಿಗೆ ಎಣ್ಣೆ ಮದ್ದಲ್ಲ, ಅದನ್ನೇ ಮೊದಲು ನೋಡಿ.

ಪಿನಿಯನ್ (ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ತುದಿಯ ಕಪ್ ಹಿಡಿದು ಹಿಂದೆ ಮುಂದೆ ಎಳೆಯಿರಿ. ಅಲುಗಾಡಿದರೆ ಪಿನಿಯನ್ ಬೇರಿಂಗ್ ಸವೆದಿದೆ, ಬದಲಾಯಿಸಲೇಬೇಕು. ಡಿಫ್ ಪಕ್ಕ ಎಷ್ಟು ಶಿಮ್ (ತೆಳು ಲೋಹದ ಬಳೆ) ತುರುಕಿದರೂ ಸದ್ದು ನಿಲ್ಲದು. ಅಲುಗದಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ಕ್ರೌನ್ ಹಲ್ಲು ನೋಡಿ. ಹಲ್ಲಿನ ಮೂಲೆ ಮಾತ್ರ ತಿಂದುಹೋಗಿದ್ದರೆ ಎರಡೂ ದೂರ ಕೂತು ಓಡಿವೆ ಎಂದರ್ಥ. ಆಗ ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಹಾಕಿ. ಹಳೇ ಪಿನಿಯನ್ ಜೊತೆ ಹೊಸ ಕ್ರೌನ್ ಕೂರಿಸುವುದು ದುಡ್ಡು ದಂಡ.

ಶಿಮ್ ಕೂರುವುದು ಡಿಫ್ ಬೇರಿಂಗ್ ಮತ್ತು ಗೇರ್‌ಬಾಕ್ಸ್ ಗೋಡೆಯ ನಡುವೆ. ಬೇರಿಂಗ್ 8x16x5 ಇದ್ದರೆ 13x16 ಅಳತೆಯ ಶಿಮ್ ತರಿಸಿ, 0.1 ಮತ್ತು 0.2 ಮಿ.ಮೀ. ದಪ್ಪದ್ದು. ಕ್ರೌನ್‌ನ ಬೆನ್ನಿನ ಬದಿಗೆ 0.1 ಹಾಕಿದರೆ ಕ್ರೌನ್ ಅಷ್ಟು ಪಿನಿಯನ್ ಕಡೆ ಸರಿಯುತ್ತದೆ. ಎದುರು ಬದಿಯಲ್ಲಿ ಶಿಮ್ ಇದ್ದರೆ ಅಷ್ಟನ್ನೇ ತೆಗೆಯಿರಿ. ಗೇರ್‌ಬಾಕ್ಸ್ ಸ್ಕ್ರೂ ಪೂರ್ತಿ ಬಿಗಿದ ಮೇಲೆಯೇ ಕೈಯಲ್ಲಿ ತಿರುಗಿಸಿ ನೋಡಬೇಕು. ಕೂದಲೆಳೆಯಷ್ಟು ಆಟ ಇರಲಿ, ಆದರೆ ಇಡೀ ಸುತ್ತಿನಲ್ಲಿ ಎಲ್ಲೂ ಹಿಡಿಯಬಾರದು. ಹಿಡಿಯುತ್ತಿದ್ದರೆ ಮೋಟಾರ್ ಕಾಯುತ್ತದೆ, ಬೇರಿಂಗ್ ಬೇಗ ಹೋಗುತ್ತದೆ.

ಇನ್ನು ಮುಂದಿನ ಚಕ್ರ ಸುತ್ತುವುದು. ವೇಗ ಏರುವಾಗ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ನಡುವಿನ ಡಿಫ್‌ನ ಎಣ್ಣೆ ತೆಳುವಾಗಿದ್ದರೆ ಶಕ್ತಿಯೆಲ್ಲ ಆ ಹಗುರ ಬದಿಗೇ ಓಡುತ್ತದೆ. ಆದ್ದರಿಂದ ತಪ್ಪು ನಡುವಿನದ್ದು. ಅದಕ್ಕೆ 30 ಸಾವಿರ ಸಿಎಸ್‌ಟಿಯಿಂದ ಶುರುಮಾಡಿ. ಜಿಗಿಸಿ ಆಡಿಸುವುದಕ್ಕಷ್ಟೇ ಆದರೆ 1 ಲಕ್ಷದವರೆಗೂ ಹೋಗಬಹುದು. ಮುಂದಿನದಕ್ಕೆ 10 ಸಾವಿರ, ಹಿಂದಿನದಕ್ಕೆ 5 ಸಾವಿರ ಇರಲಿ. ಮುಂದೆ ತೀರಾ ದಪ್ಪ ಹಾಕಿದರೆ ತಿರುವಿಗೆ ಮೂತಿ ಬಗ್ಗದು. ಹಿಂದೆ ದಪ್ಪ ಹಾಕಿದರೆ ತಿರುವಿನಲ್ಲಿ ಥ್ರಾಟಲ್ ಕೊಟ್ಟಾಗ ಬಾಲ ಜಾರುತ್ತದೆ. ಮೂರಕ್ಕೂ 5 ಲಕ್ಷ ಹಾಕಿದರೆ ಕಾಂಕ್ರೀಟ್ ಮೇಲೆ ತಿರುಗುವಾಗ ಟೈರ್ ಉಜ್ಜಲೇಬೇಕು, ಆ ಹೊಡೆತ ತಿನ್ನುವುದು ನಿಮ್ಮ ಹೊಸ ಕ್ರೌನ್.

ತುಂಬುವಾಗ: ಓ-ರಿಂಗ್ ಬಿಚ್ಚಿಟ್ಟು ಲೋಹದ ಭಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಯಿರಿ. ಒಳಗಿನ ಅಡ್ಡ ಪಿನ್ ಮುಳುಗುವಷ್ಟು ಎಣ್ಣೆ, ಅಂಚಿಗಿಂತ 1 ಮಿ.ಮೀ. ಕೆಳಗೆ. ತುಂಬಿ ತುಳುಕಿಸಬೇಡಿ, ಬಿಸಿಯಾದಾಗ ಎಣ್ಣೆ ಹಿಗ್ಗಿ ಔಟ್‌ಡ್ರೈವ್ (ಡಿಫ್‌ನಿಂದ ಹೊರಚಾಚಿದ ಅಚ್ಚು) ಓ-ರಿಂಗ್ ದಾಟಿ ಹೊರಬರುತ್ತದೆ. 30 ಸಾವಿರದ ಮೇಲಿನದ್ದು ನಿಧಾನಕ್ಕೆ ಇಳಿಯುತ್ತದೆ, ಗುಳ್ಳೆ ಹೋಗಲು ರಾತ್ರಿಯಿಡೀ ಬಿಡಿ. ಚಿನ್ನ ತೂಗುವ 0.1 ಗ್ರಾಂ ತಕ್ಕಡಿಯಲ್ಲಿ ಖಾಲಿ ಡಿಫ್, ತುಂಬಿದ ಡಿಫ್ ಎರಡನ್ನೂ ತೂಗಿ ಬರೆದಿಡಿ. ಮುಂದಿನ ಸಲ ಅಷ್ಟೇ ಎಣ್ಣೆ ಹಾಕಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಡಿಫ್‌ನ ಕಪ್ ಪ್ಲಾಸ್ಟಿಕ್‌ನದಾದರೆ ಸ್ಕ್ರೂಗೆ ಥ್ರೆಡ್‌ಲಾಕ್ ಅಂಟು ಬೇಡ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಮರುಪ್ರಶ್ನೆ (ಚಳ್ಳಕೆರೆಯಿಂದ): ಸಿಲಿಕೋನ್ ಎಣ್ಣೆ ದುಬಾರಿ, ಕೊರಿಯರ್‌ಗೆ ಕಾಯಬೇಕು. 90 ನಂಬರ್ ಗೇರ್ ಆಯಿಲ್ ನಡೆಯುತ್ತಾ? ನಮ್ಮೂರಲ್ಲಿ ಶೇಂಗಾ ಎಣ್ಣೆಗೇನು ಬರವಿಲ್ಲ!

ಉತ್ತರ: ಶೇಂಗಾ ಎಣ್ಣೆ ಒಗ್ಗರಣೆಗೇ ಇರಲಿ, ಗಾಳಿಗೆ ಅಂಟಂಟಾಗುತ್ತದೆ. ಗೇರ್ ಆಯಿಲ್‌ನ 90 ಅನ್ನೋದು ಸಿಎಸ್‌ಟಿ ಅಲ್ಲ. ಕೋಣೆಯ ಶಾಖದಲ್ಲಿ ಅದು ಕೆಲವು ನೂರು ಸಿಎಸ್‌ಟಿ ಅಷ್ಟೇ, 10 ಸಾವಿರದ ಹತ್ತಿರಕ್ಕೂ ಬರದು. ಕಾದರೆ ಇನ್ನೂ ನೀರಾಗುತ್ತದೆ. ಸಿಲಿಕೋನ್ ಓ-ರಿಂಗ್ ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಉಳಿತಾಯ ಬೇಕಿದ್ದರೆ ಎರಡು ದಪ್ಪದ ಸಿಲಿಕೋನ್ ಎಣ್ಣೆ ತರಿಸಿ ಬೆರೆಸಿಕೊಳ್ಳಿ. ಆದರೆ 10 ಸಾವಿರ ಮತ್ತು 30 ಸಾವಿರ ಸಮಸಮ ಬೆರೆಸಿದರೆ ಸಿಗುವುದು 20 ಅಲ್ಲ, ಹೆಚ್ಚುಕಡಿಮೆ 17 ಸಾವಿರ.

ಪ್ರಶ್ನೆ (ಚಿತ್ರದುರ್ಗದಿಂದ): ಬಂಡೆ ಮೇಲಿಂದ ಜಿಗಿಸಿದರೆ ಚಾಸಿ ನೆಲಕ್ಕೆ ಬಡಿಯುತ್ತದೆ. ಸ್ಪ್ರಿಂಗ್ ಕಾಲರ್ (ಸ್ಪ್ರಿಂಗ್ ಒತ್ತಿಹಿಡಿಯುವ ಉಂಗುರ) ಪೂರ್ತಿ ಬಿಗಿ ಮಾಡಿದೆ, ಅದೇ ಕಥೆ. ಎಡ ಹಿಂದಿನ ಶಾಕ್ (ಹೊಡೆತ ತಡೆಯುವ ಎಣ್ಣೆ ತುಂಬಿದ ಕೊಳವೆ) ಸೋರುತ್ತಿದೆ ಬೇರೆ.

ಉತ್ತರ: ಕಾಲರ್ ಬಿಗಿದರೆ ಗಾಡಿಯ ಎತ್ತರ ಬದಲಾಗುತ್ತದೆ, ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಉಲ್ಟಾ, ಚಕ್ರ ಕೆಳಗಿಳಿಯುವ ಜಾಗ ಕಮ್ಮಿಯಾಗಿ ಗುಂಡಿಯಲ್ಲಿ ಹಿಡಿತ ತಪ್ಪುತ್ತದೆ. ಕಾಲರ್ ಸಡಿಲಿಸಿ, ಬ್ಯಾಟರಿ ಸಮೇತ ಗಾಡಿಯನ್ನು ಅಂಗೈ ಎತ್ತರದಿಂದ ಬಿಟ್ಟಾಗ ಡ್ರೈವ್ ಶಾಫ್ಟ್‌ಗಳು ನೆಲಕ್ಕೆ ಸಮಾನಾಂತರ ನಿಲ್ಲುವಂತೆ ಮಾಡಿಕೊಳ್ಳಿ.

ಜಿಗಿತದ ಹೊಡೆತ ತಡೆಯುವುದು ಎಣ್ಣೆ ಮತ್ತು ಪಿಸ್ಟನ್ ತೂತು. ತೂತು ಸಣ್ಣದಾದಷ್ಟೂ ರಭಸದ ಹೊಡೆತಕ್ಕೆ ಪಿಸ್ಟನ್ ಗಟ್ಟಿಯಾಗಿ ನಿಲ್ಲುತ್ತದೆ, ಸಣ್ಣ ಉಬ್ಬುತಗ್ಗಿನಲ್ಲಿ ಮಾತ್ರ ಗಾಡಿ ಕುಣಿಯುತ್ತದೆ. ಮೊದಲು ಎಣ್ಣೆ ಮಾತ್ರ ಬದಲಿಸಿ, ಸ್ಪ್ರಿಂಗ್ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. ಬಾಟಲಿ ಮೇಲಿನ ವೇಟ್ ನಂಬರ್ ನಂಬಬೇಡಿ, ಸಿಎಸ್‌ಟಿ ನೋಡಿ. ಅಸೋಸಿಯೇಟೆಡ್ ಕಂಪನಿಯ 30 ವೇಟ್ ಎಂದರೆ 350 ಸಿಎಸ್‌ಟಿ, ಲೋಸಿ ಕಂಪನಿಯದು 338. ನಿಮಗೆ ಮುಂದೆ 600, ಹಿಂದೆ 500ರ ಆಸುಪಾಸು ಸಾಕು. ನಮ್ಮ ಏಪ್ರಿಲ್ ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಇನ್ನೊಂದು 50–100 ಏರಿಸಿ, ಚಳಿಗಾಲಕ್ಕೆ ಇಳಿಸಿ.

ಸೋರಿಕೆಗೆ ಎಲ್ಲಿ ಒದ್ದೆ ನೋಡಿ. ಮೇಲಿನ ಮುಚ್ಚಳದಲ್ಲಾದರೆ ಬ್ಲ್ಯಾಡರ್ (ಮುಚ್ಚಳದಡಿಯ ರಬ್ಬರ್ ಪೊರೆ) ಮಡಚಿದೆ ಅಥವಾ ಮುಚ್ಚಳದ ಥ್ರೆಡ್ ಅಡ್ಡ ಕೂತಿದೆ. ಕೆಳಗಾದರೆ ಓ-ರಿಂಗ್. ಆದರೆ ಓ-ರಿಂಗ್ ಬದಲಿಸುವ ಮುನ್ನ ಶಾಫ್ಟ್ ಮೇಲೆ ಉಗುರು ಎಳೆಯಿರಿ; ಗೀರು ಸಿಕ್ಕರೆ ಶಾಫ್ಟೇ ಹೊಸದು ಬೇಕು, ಇಲ್ಲವಾದರೆ ಹೊಸ ಓ-ರಿಂಗೂ ಕೂಡಲೇ ಹರಿಯುತ್ತದೆ. ಸಾಮಾನ್ಯವಾಗಿ ಆ ಗೀರು ಬೀಳುವುದು ಬಾಲ್ ತುದಿ ಬಿಚ್ಚುವಾಗ ಇಕ್ಕಳದಲ್ಲಿ ಹಿಡಿದಿದ್ದರಿಂದ. ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿಯಿರಿ.

ತುಂಬುವಾಗ ಪಿಸ್ಟನ್ ಕೆಳಗಿಳಿಸಿ, ಬಾಯಿಮಟ್ಟ ಎಣ್ಣೆ ಹಾಕಿ, ಶಾಫ್ಟನ್ನು ನಿಧಾನ ಏರಿಳಿಸಿ, 10 ನಿಮಿಷ ನೆಟ್ಟಗೆ ನಿಲ್ಲಿಸಿ. ಆಮೇಲೆ ಶಾಫ್ಟ್ ಅರ್ಧ ಒಳಗಿಟ್ಟು, ಹೆಚ್ಚಾದ ಎಣ್ಣೆ ಹೊರಬಂದ ಮೇಲೆ ಮುಚ್ಚಳ ತಿರುಗಿಸಿ. ಎಡ–ಬಲ ಶಾಕ್ ಎದುರುಬದುರು ಹಿಡಿದು ಒತ್ತಿದರೆ ಎರಡೂ ಒಂದೇ ಸಮ ಕುಗ್ಗಬೇಕು, ಬಿಟ್ಟಾಗ ಒಂದೇ ಸಮ ಹೊರಬರಬೇಕು. ಒತ್ತಿದಾಗ ಪುಚುಪುಚು ಸದ್ದು ಬಂದರೆ ಒಳಗೆ ಗಾಳಿ ಇದೆ.

ಬಂಡೆ ಅಂದಿರಿ: ಕೋಟೆಯ ಒಳಗಿನದ್ದಲ್ಲ ತಾನೆ? ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಅಲ್ಲಿ ಆಡಿಸಬೇಡಿ.

ಪ್ರಶ್ನೆ (ದಾವಣಗೆರೆಯಿಂದ): ಗಾಡಿ ಯಾವಾಗಲೂ ಬಲಕ್ಕೆ ವಾಲಿ ನಿಲ್ಲುತ್ತೆ, ಯಾಕೆ?

ಉತ್ತರ: ನಾಲ್ಕೂ ಶಾಕ್ ಬಿಚ್ಚಿ ತುದಿಯಿಂದ ತುದಿಗೆ ವರ್ನಿಯರ್‌ನಲ್ಲಿ ಅಳೆಯಿರಿ. ಎಡ–ಬಲ ಜೋಡಿಯಲ್ಲಿ ವ್ಯತ್ಯಾಸ ಇದ್ದರೆ ಬಾಲ್ ತುದಿ ತಿರುಗಿಸಿ ಸಮ ಮಾಡಿ. ಸಮ ಇದ್ದರೆ ಬ್ಯಾಟರಿ ಯಾವ ಬದಿಗಿದೆ ನೋಡಿ, ಆ ಬದಿಯ ಕಾಲರ್ ಅರ್ಧ ಸುತ್ತು ಬಿಗಿ ಮಾಡಿ.

ಪ್ರಶ್ನೆ (ಹೊಳಲ್ಕೆರೆಯಿಂದ): ಮಳೆ ಬಂದ ಮೇಲೆ ಎರೆಹೊಲದಲ್ಲಿ ಆಡಿಸಬಹುದಾ?

ಉತ್ತರ: ಎರೆಮಣ್ಣು ಒದ್ದೆಯಾದರೆ ಚಕ್ರಕ್ಕೆ ಮೆತ್ತಿ ಭಾರ ಏರುತ್ತದೆ, ಮೋಟಾರ್ ಮತ್ತು ಸ್ಪೀಡ್ ಕಂಟ್ರೋಲರ್ ಕಾಯುತ್ತವೆ. ಕೆಂಪು ಮಣ್ಣಿನ ಜಾಗವೇ ವಾಸಿ. ಹೋಗಿಯೇ ತೀರುತ್ತೀರಾದರೆ ಒಂದೆರಡು ಹಲ್ಲು ಚಿಕ್ಕ ಮೋಟಾರ್ ಪಿನಿಯನ್ ಹಾಕಿ, ಬಂದ ದಿನವೇ ಮಣ್ಣು ತೊಳೆದು, ಚಕ್ರದ ಬೇರಿಂಗ್ ಬಿಚ್ಚಿ ಒಣಗಿಸಿ ಎಣ್ಣೆ ಬಿಡಿ. ಬೇಸಿಗೆಯಲ್ಲಿ ಇದೇ ಮಣ್ಣು ಹಿಟ್ಟಿನಂತಾಗಿ ಶಾಫ್ಟ್‌ಗೆ ಅಂಟುತ್ತದೆ; ಆಗ ರಬ್ಬರ್ ಬೂಟ್ ಇಲ್ಲದ ಶಾಕ್ ಓಡಿಸಬೇಡಿ.