ಅವ್ವನ ಸಾಲದ ಸುದ್ದಿ ಬೇಡ ತಂಗಿ

ತಂಗಿ, ನಿನ್ನ ಮೆಸೇಜ್ ನೋಡಿದೆ. ಖಡಕ್ ರೊಟ್ಟಿ ಮಾರಲು ವಿಡಿಯೋ 20 ಹಾಕಿದರೂ ಯಾರೂ ನೋಡುತ್ತಿಲ್ಲ, ಅವ್ವನ ಸಾಲದ ಕಥೆ ಹೇಳಿದರೆ ನೋಡುತ್ತಾರಾ ಕಾಕಾ ಅಂತ ಕೇಳಿದ್ದೀಯ. ನೋಡುತ್ತಾರೆ. ಅದೇ ನನ್ನ ಹೆದರಿಕೆ. ಅವ್ವನ ಸಾಲದ ಸುದ್ದಿ ತೆಗೆಯಬೇಡ.

2022ರಲ್ಲಿ ತೊಗರಿಗೆ ಗಿಡ ಒಣಗಿಸುವ ನೆಟೆ ರೋಗ ಬಂದಿತ್ತಲ್ಲ? ಆಗ ಆಳಂದದ ಕಡೆ ಒಂದು ರೈತರ ಸಭೆಯಲ್ಲಿ ನನ್ನ ಕೈಗೆ ಮೈಕ್ ಕೊಟ್ಟರು. ಮೊದಲು ಕಾಗದ ನೋಡಿ ಓದಿದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿದ್ದು, ಬೀಜಕ್ಕೆ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರದ ಪುಡಿ ಹಚ್ಚಿ ಬಿತ್ತಬೇಕು, ವರ್ಷಾವರ್ಷ ಅದೇ ಹೊಲಕ್ಕೆ ತೊಗರಿ ಬೇಡ, ನಡುವೆ ಜೋಳ ಹಾಕಿ ಅಂತೆಲ್ಲ. ಮಾತು ಸರಿಯಾಗಿಯೇ ಇತ್ತು. ಮುಂದೆ ಕೂತವರು ಸುಸಲಾ ತಿನ್ನುತ್ತಾ, ಚಹಾ ಯಾವಾಗ ಬರುತ್ತದೆ ಅಂತ ಹಿಂದೆ ನೋಡುತ್ತಿದ್ದರು. ಕಾಗದ ಮಡಚಿ ಜೇಬಿಗೆ ಹಾಕಿ ನಮ್ಮ ಹಳ್ಳದ ಹೊಲದ ಸುದ್ದಿ ತೆಗೆದೆ. ಹೂ, ಕಾಯಿ ಹಿಡಿದು ನಿಂತಿದ್ದ ಗಿಡ ಎಂಟು ದಿನದಲ್ಲಿ ಜೋತುಬಿತ್ತು. ಒಂದನ್ನು ಕಿತ್ತು ಕಾಂಡ ಸೀಳಿದರೆ ಒಳಗೆ ಉದ್ದಕ್ಕೆ ಕಪ್ಪು ಗೆರೆ. ಅದನ್ನು ಹಿಡಿದುಕೊಂಡು ಬದುವಿನ ಮೇಲೆ ಕೂತುಬಿಟ್ಟೆ ಅಂದೆ. ಸುಸಲಾ ತಿನ್ನುವ ಕೈ ನಿಂತವು. ಹಿಂದಿನಿಂದ ಒಬ್ಬ 'ನಮ್ಮ ಹೊಲದಾಗೂ ಹಿಂಗೇ ಆಗ್ಯಾದ್ರಿ' ಅಂದ. ಬೀಜಕ್ಕೆ ಹಚ್ಚುವ ಪುಡಿ ಎಲ್ಲಿ ಸಿಗುತ್ತದೆ ಅಂತ ಆಮೇಲೆ ಅವನೇ ಕೇಳಿದ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಜನ ಕೇಳುತ್ತಿದ್ದಾರೆ ಅಂತ ಹುರುಪು ಬಂದು, ನಿಮ್ಮ ಸಣ್ಣ ಕಾಕುವಿನ ಪಾಟ್ಲಿ ಬಳೆ ಒತ್ತೆ ಇಟ್ಟ ವಿಷಯವನ್ನೂ ಹೇಳಿಬಿಟ್ಟೆ. ನಿಮಗೆಲ್ಲ ಗೊತ್ತಿರುವುದೇ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದ. ನಾನು ಬಸ್ಸಿಳಿದು ಮನೆ ಸೇರುವ ಮೊದಲೇ ಅದು ಅವಳ ತವರಿಗೆ ಮುಟ್ಟಿತ್ತು. ಎರಡು ವರ್ಷ ಅವಳ ಗಂಡ, ನನ್ನ ತಮ್ಮ, ನಮ್ಮ ಮನೆಯ ನೀರು ಕುಡಿಯಲಿಲ್ಲ. ಶರಣಬಸವೇಶ್ವರರ ತೇರಿನ ದಿನ ಎದುರಿಗೆ ಸಿಕ್ಕರೂ ದೂರದಿಂದಲೇ ಕೈ ಮುಗಿದು ಹೋದ.

ಅದಕ್ಕೇ ಮತ್ತೆ ಹೇಳುತ್ತೇನೆ, ಅವ್ವನ ಸಾಲದ ಸುದ್ದಿ ತೆಗೆಯಬೇಡ. ನಿನ್ನದು ನೀನು ಹೇಳು. ನಿಮ್ಮ ಅವ್ವನದು ಬೇಕಿದ್ದರೆ ವೈನಿಯೇ ಹೇಳಲಿ.

ಹೇಳಿದರೂ ನೀವು ಯಾರು ಕೇಳುತ್ತೀರಿ ಬಿಡು. ಕಾಕಾನ ವಾಯ್ಸ್ ಬಂದರೆ 2ರ ಸ್ಪೀಡಿಗೆ ಹಾಕುತ್ತೀರಂತೆ, ಮೊಮ್ಮಗ ಹೇಳಿದ. ಹೋದ ವಾರ ಮೊಣಕಾಲು ನೋವು ಅಂತ ಮನೆಯವರ ಗ್ರೂಪಿಗೆ ಹಾಕಿದೆ. 11 ಹೆಬ್ಬೆರಳು ಬಂದವು. ಮೊಣಕಾಲು ನೋವಿಗೆ ಹೆಬ್ಬೆರಳು! ಒಬ್ಬರೂ ಫೋನ್ ಮಾಡಲಿಲ್ಲ. ಮುತ್ಯಾ ಇದ್ದಾಗ ಹೀಗಿತ್ತಾ? ಇರಲಿ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ನಿನ್ನ ಮೊದಲ ರೊಟ್ಟಿ ನೆನಪಿದೆಯಾ? ಹಳೆ ಹಿಟ್ಟು, ಜಿಗಿ ಇರಲಿಲ್ಲ, ತಣ್ಣೀರಲ್ಲಿ ನಾದಿದ್ದೆ. ಹಂಚಿಗೆ ಹಾಕುವಾಗ ನಡುಮಧ್ಯೆ ಹರಿದು ಬೆರಳು ಸುಟ್ಟುಕೊಂಡೆ. ಆ ಕಲೆ ತೋರಿಸಿ ವಿಡಿಯೋ ಶುರು ಮಾಡು. ರೊಟ್ಟಿ ಹರಿಯದ ಮನೆ ಕಲಬುರಗಿಯಲ್ಲಿ ಯಾವುದಿದೆ? ಆಮೇಲೆ ಕುದಿಯುವ ಎಸರು ಹಾಕಿ ನಾದುವುದು ತೋರಿಸು. ಮತ್ತೆ, ಒಂದು ಡಜನ್ ಎಷ್ಟು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಒಂದು ವಿಡಿಯೋದಲ್ಲೂ ಇಲ್ಲ. ನಾನು 20ನ್ನೂ ನೋಡಿದ್ದೇನೆ.